ಮೊದಲ ಪವರ್‌ಲಿಫ್ಟಿಂಗ್ ಸ್ಪರ್ಧೆ: ದೇಹತೂಕ ಇಳಿಸಬೇಕೇ?

ಪ್ರಶ್ನೆ: ನಮಸ್ಕಾರ. ಮಂಗಳೂರಿನ ಜಿಮ್ ಒಂದರಲ್ಲಿ ಅಭ್ಯಾಸ ಮಾಡುತ್ತಿರುವ ನಾನು ಮೊದಲ ಬಾರಿಗೆ ಜಿಲ್ಲಾ ಮಟ್ಟದ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ದೇಹತೂಕ 76 ಕೆ.ಜಿ. ಇದೆ. 74 ಕೆ.ಜಿ.ವರೆಗಿನವರ ವಿಭಾಗಕ್ಕೆ ಇಳಿಯಬೇಕೇ, 83 ಕೆ.ಜಿ.ವರೆಗಿನವರ ವಿಭಾಗದಲ್ಲೇ ಎತ್ತಬೇಕೇ? ಮೊದಲ ಯತ್ನಕ್ಕೆ ಎಷ್ಟು ಭಾರ ಬರೆಸುವುದು ಸೂಕ್ತ?

ಉತ್ತರ 1: 83ರಲ್ಲೇ ಎತ್ತಿ. ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ತೂಕ ನೋಡುವುದು ಸ್ಪರ್ಧೆಗೆ ಕೇವಲ ಎರಡು ಗಂಟೆ ಮೊದಲು ಆರಂಭವಾಗುವುದರಿಂದ, ಊಟ ನೀರು ಬಿಟ್ಟು ಇಳಿಸಿದವರಿಗೆ ಚೇತರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಪದಕದ ಆಸೆ ಮುಂದಿನ ವರ್ಷಕ್ಕಿರಲಿ.

ಉತ್ತರ 2: ಜಿಮ್‌ನಲ್ಲಿ ಸತತ ಮೂರು ಬಾರಿ ನಿರಾಯಾಸವಾಗಿ ಎತ್ತಬಲ್ಲ ಭಾರವನ್ನೇ ಮೊದಲ ಯತ್ನಕ್ಕೆ ಬರೆಸಿ. ಅದು ವಿಫಲವಾದರೆ ಅದೇ ಭಾರವನ್ನು ಮತ್ತೆ ಎತ್ತಬಹುದೇ ಹೊರತು ಕಡಿಮೆ ಮಾಡಿಸಲಾಗದು. ಬಾರನ್ನು ಹೆಗಲ ಮೇಲಿಟ್ಟು ಕುಳಿತೇಳುವ ಸ್ಕ್ವಾಟ್‌ನ ಮೂರೂ ಯತ್ನಗಳು ಕೈಕೊಟ್ಟರೆ ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಮೂರರಲ್ಲಿ ಎತ್ತಿದ ಗರಿಷ್ಠ ಭಾರಗಳನ್ನು ಕೂಡಿಸುವ ಒಟ್ಟು ಮೊತ್ತವೇ ಇಲ್ಲವಾಗುತ್ತದೆ.

ಉತ್ತರ 3: ಹೊಸಬರು ಹೆಚ್ಚಾಗಿ ಸೋಲುವುದು ಭಾರಕ್ಕಲ್ಲ, ಆಜ್ಞೆಗೆ ಎಂಬುದು ನನ್ನ ಅಭಿಪ್ರಾಯ. ಬೆಂಚಿನ ಮೇಲೆ ಮಲಗಿ ಎತ್ತುವ ಬೆಂಚ್ ಪ್ರೆಸ್‌ನಲ್ಲಿ ಬಾರ್ ಎದೆಯ ಮೇಲೆ ಅಲುಗದೆ ನಿಂತ ಮೇಲಷ್ಟೇ ತೀರ್ಪುಗಾರರು ‘ಪ್ರೆಸ್’ ಎನ್ನುತ್ತಾರೆ, ಮೇಲೆತ್ತಿದ ನಂತರವೂ ‘ರ‍್ಯಾಕ್’ ಎನ್ನುವವರೆಗೆ ಹಿಡಿದಿರಬೇಕು. ಈಗಿನಿಂದಲೇ ಗೆಳೆಯರೊಬ್ಬರಿಂದ ಈ ಆಜ್ಞೆಗಳನ್ನು ಕೂಗಿಸಿಕೊಂಡು ಅಭ್ಯಾಸ ಮಾಡಿ. ಬಾರನ್ನು ನೆಲದಿಂದ ಎತ್ತುವ ಡೆಡ್‌ಲಿಫ್ಟ್‌ಗೆ ಮೊಣಕಾಲಿನ ಕೆಳಗಿನವರೆಗೆ ಬರುವ ಉದ್ದನೆಯ ಕಾಲುಚೀಲವೂ ಬೇಕು.