ಬೀಚ್‌ನಲ್ಲಿ ಅಪರಿಚಿತರ ಫೋಟೊ, ಕೈಯಲ್ಲಿ ಹಳೇ ಫಿಲ್ಮ್ ಕ್ಯಾಮೆರಾ: ಅನುಭವ ಇದ್ದವರು ಹೇಳಿ (ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು)

ಮೊದಲ ರೋಲ್

ಪೆಂಟಾಕ್ಸ್ ಕೆ1000 ಕೈಗೆ ಬಂದಿದೆ. ಜೊತೆಗೆ 50 ಎಂಎಂ ಲೆನ್ಸ್, ಕೊಡಾಕ್ ಗೋಲ್ಡ್ 200ರ ಎರಡು ರೋಲ್. ಬೀಚ್‌ನಲ್ಲಿ ಜನ ತಮ್ಮ ಪಾಡಿಗೆ ತಾವು ಇರುವಾಗ ಫೋಟೊ ತೆಗೆಯುವ ಆಸೆ. ಪೋಸ್ ಕೊಟ್ಟದ್ದು ಬೇಡ. ಮೊದಲೇ ಕೇಳಬೇಕಾ, ತೆಗೆದ ಮೇಲೆ ಹೇಳಬೇಕಾ? ಬಿಸಿಲಿಗೆ ಎಕ್ಸ್‌ಪೋಶರ್, ಅಂದರೆ ಫಿಲ್ಮ್ ಮೇಲೆ ಬೀಳುವ ಬೆಳಕಿನ ಲೆಕ್ಕ, ಹೇಗೆ? ನೀವು ಹೇಗೆ ಮಾಡಿದಿರಿ ಅಂತ ಹೇಳಿ.

ಉಪ್ಪುಗಾಳಿ

ಕೇಳೋದು ಬಿಡೋದು ಆಮೇಲೆ. ಮೊದಲು ಮರಳಿನ ವಿಷಯ. ನನ್ನ ಕ್ಯಾನನ್ ಎಇ-1 ಹಿಡಿದು ಹೋದ ಮೊದಲ ದಿನ ಮೂರು ರೋಲ್ ತೆಗೆದೆ, 108 ಫ್ರೇಮು. ಮರಳ ಮೇಲೆ ಕೂತು, ತೊಡೆ ಮೇಲೆ ಕ್ಯಾಮೆರಾ ಇಟ್ಟುಕೊಂಡು ರೋಲ್ ಬದಲಿಸಿದೆ. ಡೆವಲಪ್ ಆಗಿ ಬಂದಾಗ ಎರಡನೇ ರೋಲ್ ಉದ್ದಕ್ಕೂ ಒಂದೇ ಗೆರೆ. ಮೊದಲ ಫ್ರೇಮಿನಿಂದ 36ರವರೆಗೆ, ಎಷ್ಟೋ ಜನರ ಮುಖದ ಮೇಲೇ. ಡಬ್ಬಿಯ ಬಾಯಲ್ಲಿ ಬೆಳಕು ತಡೆಯುವ ಬಟ್ಟೆಪಟ್ಟಿ ಇರುತ್ತದಲ್ಲ, ಅಲ್ಲಿ ಒಂದು ಕಣ ಸಿಕ್ಕಿಕೊಂಡಿತ್ತು. ಫಿಲ್ಮ್ ಹೊರಗೆ ಬರುವಾಗ ಗೀಚಿತು, ರಿವೈಂಡ್ ಮಾಡುವಾಗ ಮತ್ತೆ ಗೀಚಿತು.

ಮೂರನೇ ರೋಲ್ ಪೂರ್ತಿ ಖಾಲಿ. ಫಿಲ್ಮ್‌ನ ತುದಿ ಅದನ್ನು ಸುತ್ತಿಕೊಳ್ಳುವ ಸ್ಪೂಲ್‌ಗೆ ಸಿಕ್ಕಿಯೇ ಇರಲಿಲ್ಲ. ಕೌಂಟರ್ ಮಾತ್ರ ಸುಮ್ನೆ ಏರುತ್ತಾ ಹೋಯಿತು. ಲಿವರ್ ಎಳೆದಾಗ ರಿವೈಂಡ್ ಗುಂಡಿ ತಿರುಗುತ್ತಿದೆಯಾ ಅಂತ ನಾನು ನೋಡಲಿಲ್ಲ. ಆ ರೋಲ್‌ನಲ್ಲಿ ಒಬ್ಬ ಅಜ್ಜ ಮೊಣಕಾಲುದ್ದ ನೀರಲ್ಲಿ ನಿಂತು, ಚಪ್ಪಲಿಗಳನ್ನು ಎದೆಗೆ ಅವುಚಿಕೊಂಡಿದ್ದರು. ಎರಡು ವರ್ಷವಾದರೂ ಹೊಟ್ಟೆ ಉರಿಯುತ್ತದೆ.

ಸಾಲದ್ದಕ್ಕೆ ಮರಳು ಹೊಕ್ಕು ಫೋಕಸ್ ರಿಂಗ್ ಕರಕರ ಅನ್ನಲು ಶುರುವಾಯಿತು. ಬಿಚ್ಚಿಸಿ, ಹಳೇ ಗ್ರೀಸ್ ಒರೆಸಿ ಹೊಸದು ಹಾಕಿಸಲು ಏಳು ವಾರ. ಕೊಟ್ಟ ಹಣಕ್ಕೆ ಅದೇ ಥರದ ಇನ್ನೊಂದು ಲೆನ್ಸ್ ಬರುತ್ತಿತ್ತು. ಈಗ ನಾನು ರೋಲ್ ಬದಲಿಸುವುದು ಮರಳು ದಾಟಿ ಬಂದ ಮೇಲೆಯೇ.

ನೆರಳಿನ ಲೆಕ್ಕ

ನನ್ನನ್ನು ಕೆಡಿಸಿದ್ದು ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್. ಬೆಳ್ಳಗೆ ಹೊಳೆಯುವ ಮರಳು ಕಂಡರೆ ಅದನ್ನು ಬೂದು ಬಣ್ಣಕ್ಕೆ ಇಳಿಸಬೇಕು ಅಂತ ಅದು ಲೆಕ್ಕ ಹಾಕುತ್ತದೆ. ನಾನು ಮುಳ್ಳನ್ನು ನಡುವೆ ನಿಲ್ಲಿಸಿ ನಿಲ್ಲಿಸಿ ತೆಗೆದೆ. ಮರಳು, ಆಕಾಶ ಚೆನ್ನಾಗಿ ಬಂತು. ಟೋಪಿ ಕೆಳಗಿನ ಮುಖಗಳು ಮಸಿ. 36ರಲ್ಲಿ 22 ಹೋದವು. ಸ್ಕ್ಯಾನ್‌ನಲ್ಲಿ ಎತ್ತಲು ನೋಡಿದೆ, ಬರೀ ಕಾಳುಕಾಳು.

ಈಗ ಮೀಟರ್ ನೋಡುವುದೇ ಇಲ್ಲ. ಚುರುಕು ಬಿಸಿಲಿಗೆ 200ರ ಫಿಲ್ಮ್ ಆದರೆ ಶಟರ್ 1/250 ಸೆಕೆಂಡ್, ಲೆನ್ಸ್ ಕಿಂಡಿ ಎಫ್/16 (ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು) ಅಂತ ಎಲ್ಲರಿಗೂ ಗೊತ್ತು. ನಾನು ಎರಡು ಸ್ಟಾಪ್ ತೆರೆದು, ಅಂದರೆ ನಾಲ್ಕು ಪಟ್ಟು ಬೆಳಕು ಬಿಟ್ಟು, ಎಫ್/8ಕ್ಕೆ ಇಡುತ್ತೇನೆ. ಕಲರ್ ನೆಗೆಟಿವ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ, ಕಡಿಮೆ ಬೆಳಕನ್ನು ಅಲ್ಲ.

ಮೂರು ಮೀಟರ್

ಕಿಂಡಿ ದೊಡ್ಡದಾದಷ್ಟೂ ಸ್ಪಷ್ಟ ಬರುವ ದೂರ ಕಡಿಮೆ, ಎಫ್/8ಕ್ಕೆ ಇಟ್ಟರೆ ಫೋಕಸ್ ಹುಡುಕುತ್ತಾ ಕೂರಬೇಕು. ಅಷ್ಟರಲ್ಲಿ ಅವರು ನಿಮ್ಮನ್ನು ನೋಡಿರುತ್ತಾರೆ, ಮುಗೀತು. ನನ್ನದು 35 ಎಂಎಂ, ಎಫ್/16, ಫೋಕಸ್ ಎರಡೂವರೆ ಮೀಟರ್‌ಗೆ ಇಟ್ಟು ಮುಟ್ಟುವುದಿಲ್ಲ. ಒಂದೂಕಾಲು ಮೀಟರ್‌ನಿಂದ ಆಚೆ ಎಲ್ಲವೂ ಸಾಕಷ್ಟು ಸ್ಪಷ್ಟ. ಒಳಗೆ ಎಚ್‌ಪಿ5 ಅನ್ನೋ 400ರ ಕಪ್ಪುಬಿಳುಪು ಫಿಲ್ಮ್, ಶಟರ್ 1/500. ಎತ್ತಿದೆ, ಒತ್ತಿದೆ, ಇಳಿಸಿದೆ. ಒಂದು ಸೆಕೆಂಡ್ ಹಿಡಿಯಲ್ಲ.

ಯಾರನ್ನೂ ಕೇಳುವುದಿಲ್ಲ. ಕೇಳಿದ ಕ್ಷಣ ಹೊಟ್ಟೆ ಒಳಗೆ ಹೋಗುತ್ತದೆ, ಕೂದಲು ಸರಿಯಾಗುತ್ತದೆ, ನಗು ಬರುತ್ತದೆ. ಅದು ಅವರಲ್ಲ. ಬ್ರಿಟಿಷ್ ಫೋಟೊಗ್ರಾಫರ್ ಮಾರ್ಟಿನ್ ಪಾರ್ 1983ರಿಂದ 85ರವರೆಗೆ ಇಂಗ್ಲೆಂಡಿನ ನ್ಯೂ ಬ್ರೈಟನ್‌ನಲ್ಲಿ ರಜೆಗೆ ಬಂದ ಜನರನ್ನು ತೆಗೆದದ್ದು ನೋಡಿ. ಪ್ರತಿಯೊಬ್ಬರಿಂದ ಒಪ್ಪಿಗೆ ಪಡೆದು ಆ ಫೋಟೊ ಬರುತ್ತಿತ್ತಾ?

31 ಫ್ರೇಮು

ಕೇಳದೆ ತೆಗೆದರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ಅಕ್ಕತಂಗಿ ಇರಬೇಕು, ಇಬ್ಬರು ಒಂದೇ ಟವೆಲ್ ಹೊದ್ದು ನಡುಗುತ್ತಾ ನಗುತ್ತಿದ್ದರು. ಒಂದೇ ಒಂದು ತೆಗೆದೆ. ದೊಡ್ಡವಳು ಬಂದು, "ತೋರಿಸಿ, ಅಳಿಸಿ" ಅಂದಳು. ಇದರಲ್ಲಿ ಪರದೆ ಇಲ್ಲ, ಅಳಿಸಲು ಆಗುವುದಿಲ್ಲ ಅಂದೆ. ನಂಬಲಿಲ್ಲ. ಸುತ್ತ ಜನ ಸೇರಿದರು. ಕೊನೆಗೆ ಎಲ್ಲರ ಮುಂದೆ ಕ್ಯಾಮೆರಾದ ಹಿಂಬದಿ ತೆರೆದೆ. ನಡು ಮಧ್ಯಾಹ್ನ, 31 ಫ್ರೇಮು ಮುಗಿದಿತ್ತು.

ಆದರೂ ಆ ರೋಲ್ ಡೆವಲಪ್ ಮಾಡಿಸಿದೆ. ಸ್ಪೂಲ್‌ನ ಒಳಸುತ್ತಿನಲ್ಲಿದ್ದ ಮೊದಲ ನಾಲ್ಕು ಮಾತ್ರ, ಅಂಚಿಗೆ ಕೆಂಪು ಹತ್ತಿ, ಉಳಿದಿದ್ದವು. ನನಗೆ ಅವಳ ಮೇಲೆ ಸಿಟ್ಟಿಲ್ಲ. ಡಿಜಿಟಲ್ ಆಗಿದ್ದರೆ ಅವಳ ಕಣ್ಣೆದುರೇ ಅಳಿಸಬಹುದಿತ್ತು. ಫಿಲ್ಮ್‌ನಲ್ಲಿ ನಮ್ಮ ಮಾತೊಂದೇ ಅವಳಿಗೆ ಆಧಾರ. ಆವತ್ತಿನಿಂದ ಕೇಳಿಯೇ ತೆಗೆಯುತ್ತೇನೆ. ಕೇಳಿದ ಮೇಲೆ ಹತ್ತು ನಿಮಿಷ ಸುಮ್ಮನಿರುತ್ತೇನೆ. ಅವರು ಮರೆಯುತ್ತಾರೆ. ಆಗ ತೆಗೆಯುತ್ತೇನೆ.

ಮೂರು ಮೀಟರ್

ಹೆದರಿ ರೋಲ್ ತೆರೆದಿರಿ, ಅಷ್ಟೇ. ಅದನ್ನು ನಿಯಮ ಮಾಡಬೇಡಿ.

31 ಫ್ರೇಮು

ಹೆದರಿ ಅಲ್ಲ. ಅವಳ ಮುಖ ನೋಡಿ ತೆರೆದೆ. ಇನ್ನು ಪಾರ್ ಹೆಸರು ಎತ್ತಿದಿರಲ್ಲ, ಅವರ ಕೈಯಲ್ಲಿದ್ದದ್ದು 6x7 ಸೆಂ.ಮೀ. ಫ್ರೇಮಿನ ದೊಡ್ಡ ಕ್ಯಾಮೆರಾ ಪ್ಲೌಬೆಲ್ ಮಕೀನಾ, ಹಗಲಲ್ಲೂ ಫ್ಲ್ಯಾಶ್. ಅದನ್ನು ಯಾರಿಂದ ಮುಚ್ಚಿಡಲು ಆಗುತ್ತದೆ? ಒಂದು ಸೆಕೆಂಡಿನಲ್ಲಿ ಎತ್ತಿ ಇಳಿಸಿ ಜಾರಿಕೊಳ್ಳುವುದಕ್ಕೆ ಅವರ ಹೆಸರು ಬೇಡ.

ಟವೆಲ್ ಆಚೆ

ನಾನು ಫೋಟೊ ತೆಗೆಯುವವಳಲ್ಲ, ನನ್ನ ಅಮ್ಮನ ಫೋಟೊ ತೆಗೆದಿದ್ದರು. ಆಪರೇಷನ್ ಆಗಿ ಆರು ತಿಂಗಳಿಗೆ ಅಮ್ಮ ಮೊದಲ ಸಲ ನೀರಿಗೆ ಇಳಿದಿದ್ದರು. ಕುತ್ತಿಗೆಯ ಗಾಯ ಕಾಣುತ್ತಿತ್ತು. ಒಬ್ಬರು ಹಳೇ ಬೆಳ್ಳಿ ಬಣ್ಣದ ಕ್ಯಾಮೆರಾ ಹಿಡಿದು ಸುತ್ತುತ್ತಿದ್ದರು. ಆಟದ ಸಾಮಾನು ಇರಬೇಕು ಅಂತ ನಾವೂ ನಕ್ಕೆವು. ಕೆಲವು ತಿಂಗಳಾದ ಮೇಲೆ ಆ ಫೋಟೊ ನನ್ನ ಫೋನಿಗೇ ಬಂತು, ಪರಿಚಯದವರು ಕಳಿಸಿದ್ದು. ಫೋಟೊ ಚೆನ್ನಾಗಿತ್ತು, ಅದನ್ನೂ ಹೇಳುತ್ತೇನೆ. ಅಮ್ಮ ಮತ್ತೆ ನೀರಿಗೆ ಹೋಗಲಿಲ್ಲ. ಹಳೇ ಕ್ಯಾಮೆರಾ ಕಂಡರೆ ಜನ ಮೆತ್ತಗಾಗುತ್ತಾರೆ. ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ.

ಮೂರು ಮೀಟರ್

ಅಮ್ಮನಿಗೆ ಆದದ್ದಕ್ಕೆ ಬೇಸರವಾಯಿತು. ನಾನು ಮಕ್ಕಳನ್ನು, ಬಟ್ಟೆ ಬದಲಿಸುವವರನ್ನು, ಗಾಯ ಇದ್ದವರನ್ನು ತೆಗೆಯುವುದಿಲ್ಲ. ಆದರೆ ಯಾರೂ ಯಾರನ್ನೂ ಕೇಳದೆ ತೆಗೆಯಬಾರದು ಅಂದರೆ, ಹಿಂದಿನವರು ಬೀಚ್‌ನಲ್ಲಿ ಹೇಗಿದ್ದರು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಇದನ್ನು ನಾನು ಬಿಟ್ಟುಕೊಡಲ್ಲ.

ಅರ್ಧ ಫ್ರೇಮು

ಇಷ್ಟು ಜಗಳಕ್ಕೆ ಹಳೇ ಕ್ಯಾಮೆರಾ ಯಾಕೆ? 2024ರಲ್ಲಿ ಬಂದ ಹೊಸ ಫಿಲ್ಮ್ ಕ್ಯಾಮೆರಾ ಪೆಂಟಾಕ್ಸ್ 17 ತೆಗೆದುಕೊಂಡೆ. ಕೈಗೆ ಹಳೆಯದರಂತೆಯೇ ಅನಿಸುತ್ತದೆ. ಒಂದು ಫ್ರೇಮಿನ ಜಾಗದಲ್ಲಿ ಎರಡು ತೆಗೆಯುವುದರಿಂದ 36ರ ರೋಲ್‌ನಲ್ಲಿ 72 ಬರುತ್ತದೆ. ಹಳೇ ಕ್ಯಾಮೆರಾಗಳಂತೆ ಬೆಳಕು ತಡೆಯುವ ಒಳಗಿನ ಫೋಮ್ ಕರಗಿ ಅಂಟಾಗಿ ಬೆಳಕು ನುಗ್ಗುವ ಕಾಟ ಇಲ್ಲ.

ಉಪ್ಪುಗಾಳಿ

72 ಇದ್ದರೆ ಒಂದು ಮರಳಿನ ಕಣಕ್ಕೆ 72 ಹೋಗುತ್ತದೆ. ಹೊಸದಾದರೂ ಫಿಲ್ಮ್ ಡಬ್ಬಿ ಅದೇ ಅಲ್ವಾ?

ನೆರಳಿನ ಲೆಕ್ಕ

ಮೂರು ಮೀಟರ್ ಅವರೇ, ಪ್ರಶ್ನೆ ಕೇಳಿದವರ ಹತ್ತಿರ ಇರುವುದು 50 ಎಂಎಂ, ನಿಮ್ಮ 35 ಅಲ್ಲ. ಅದೇ ಎಫ್/16ಕ್ಕೆ ಅವರು ಐದು ಮೀಟರ್‌ಗೆ ಇಡಬೇಕು, ಎರಡೂವರೆ ಮೀಟರ್‌ಗಿಂತ ಹತ್ತಿರದ್ದು ಮಸುಕಾಗುತ್ತದೆ. ಲೆಕ್ಕ ಹಾಕದೆ ಹೇಳಬೇಡಿ. ಕೆ1000ಕ್ಕೆ ಮೀಟರ್ ಆಫ್ ಮಾಡುವ ಸ್ವಿಚ್ ಇಲ್ಲ, ಲೆನ್ಸ್ ಮುಚ್ಚಳ ಹಾಕದಿದ್ದರೆ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ನಿಮ್ಮ ವಿಧಾನದಲ್ಲಿ ಮುಚ್ಚಳ ಯಾವಾಗ ಹಾಕುವುದು?

ಮೂರು ಮೀಟರ್

ಮೀಟರ್ ನೋಡುವುದೇ ಇಲ್ಲ ಅಂದವರು ನೀವೇ ತಾನೆ? ಬ್ಯಾಟರಿ ಸತ್ತರೂ ಕೆ1000 ಶಟರ್ ಓಡುತ್ತದೆ. ಮುಚ್ಚಳ ಜೇಬಲ್ಲೇ ಇರಲಿ.