ಬಾಟ್ ಹೊಸಬರನ್ನ ಹಿಡಿತೇತಿ, ಹಳಬರನ್ನ ಬಿಡ್ತೇತಿ. ‘ನಿಯಮಗಳು’ ಅಂತ ಬರದ್ರ ಬ್ಲಾಕ್ ಆಗ್ತೇತಿ!

ಗಿರಮಿಟ್_ಗೇಮರ್ (ಹುಬ್ಬಳ್ಳಿ), ರಾತ್ರಿ 11:52

ನಮಸ್ಕಾರ್ರಿ ಎಲ್ಲಾರ್ಗೂ. ಡಿಸ್ಕಾರ್ಡ್ ಆಪಿನ್ಯಾಗ ಸರ್ವರ್ (ಅಂದ್ರ ಗ್ರೂಪ್) ನಡಸೋರು ಯಾರರ ಇದ್ರ ಸ್ವಲ್ಪ ದಾರಿ ತೋರಸ್ರಿ, ನನ್ನ ತಲಿ ಪೂರಾ ಕೆಟ್ಟು ಹೋಗೇತಿ.

ನಮ್ದು ಬಿಜಿಎಂಐ (ಮೊಬೈಲಿನ ಗುಂಡಿನ ಕಾಳಗದ ಗೇಮ್) ಆಡೋರ ಸರ್ವರ್. 2021ರ ಜುಲೈದಾಗ ಗೇಮ್ ಬಂದಾಗ ನವನಗರದ ಎಂಟ್ ಮಂದಿ ಸೇರಿ ವಾಟ್ಸಾಪ್ ಗ್ರೂಪ್ ಮಾಡಿದ್ವಿ, ಆಮ್ಯಾಲ ಡಿಸ್ಕಾರ್ಡಿಗೆ ಬಂದ್ವಿ. 2022ರ ಜುಲೈದಾಗ ಗೇಮ್ ಸ್ಟೋರಿಂದ ಹೋತಲ್ರಿ, ಆವಾಗ ಹತ್ತ್ ತಿಂಗಳ ಸರ್ವರ್ ಬಿಕೋ ಅಂತಿತ್ತು. 2023ರ ಮೇದಾಗ ಗೇಮ್ ತಿರುಗಿ ಬಂದದ್ದ ತಡ, ಧಾರವಾಡ, ಗದಗ, ಲಕ್ಷ್ಮೇಶ್ವರ, ರಾಣೆಬೆನ್ನೂರ ಎಲ್ಲಾ ಕಡಿಂದ ಮಂದಿ ಬಂದು ಈಗ 640 ಆಗ್ಯಾರ. ದಿನಾ ರಾತ್ರಿ 9ಕ್ಕ ಕಸ್ಟಮ್ ರೂಮ್ (ನಮ್ಮ ಮಂದಿಗಷ್ಟ ಇರೋ ಮ್ಯಾಚ್) ಹಚ್ತೀವಿ.

ಹೋದ ತಿಂಗಳ ಒಂದ್ ಮ್ಯಾಚ್ ಮುಗದ ಮ್ಯಾಲ ಜಗಳ ಆತು. ತಾಯಿ ಮಟಾ ಹೋತು ಬೈಗಳ. ಧಾರವಾಡದ ಒಬ್ಬಾಕಿ ಚೊಲೋ ಸ್ನೈಪರ್ ಇದ್ಲು, ಒಂದ್ ಮಾತ್ ಆಡದ ಸರ್ವರ್ ಬಿಟ್ಟ್ ಹೋದ್ಲು. ನನಗ ಕೆಟ್ಟನಿಸ್ತು. ಅವತ್ತ ರಾತ್ರಿನ ಕುಂತು ಆಟೋಮಾಡ್ (ಕೆಟ್ಟ ಶಬ್ದದ ಮೆಸೇಜ್ ತಡಿಯೋ ಡಿಸ್ಕಾರ್ಡಿನ ಫಿಲ್ಟರ್) ಹಚ್ಚಿದೆ, ಒಂದು ಫ್ರೀ ಮಾಡರೇಶನ್ (ಶಿಸ್ತು ಕಾಯೋ) ಬಾಟ್‌ನೂ ಸೇರಿಸಿದೆ. ಅಲ್ಲಿಂದ ಶುರು ಆತು ನೋಡ್ರಿ:

ಬಾಟ್ ಹೊಸಾ ಹುಡುಗ್ರಿಗೆ ಟೈಮ್‌ಔಟ್ ಕೊಡ್ತೇತಿ, ಅಂದ್ರ ಸ್ವಲ್ಪ ಹೊತ್ತು ಮೆಸೇಜ್ ಹಾಕಾಕ ಬರದಂಗ ಮಾಡ್ತೇತಿ. ಹಳೇ ಮಂದಿಗೆ ಕೊಡಂಗಿಲ್ಲ, ‘ಪರ್ಮಿಶನ್ ಇಲ್ಲ’ ಅಂತೇತಿ. ಪರ್ಮಿಶನ್ ಟಿಕ್ ಎಲ್ಲಾ ಹಾಕೇನ್ರಿ, ಹತ್ತ್ ಸಲ ನೋಡೇನಿ.

ಅವತ್ತ ಬೈದಾವ ಇವತ್ತೂ ಅದ ಶಬ್ದ ಬರಿತಾನ, ಆಟೋಮಾಡ್ ಹಿಡಿಯಂಗಿಲ್ಲ.

ನಮ್ಮ ಸಣ್ಣ ಮಾಡ್ (ಸರ್ವರ್ ಕಾಯೋ ಹುಡುಗ) ಪಾಪ ‘ನಿಯಮಗಳು’ ಅಂತ ಹೆಡ್ಡಿಂಗ್ ಹಾಕಿ ರೂಲ್ಸ್ ಬರದ್ರ ಅದು ಬ್ಲಾಕ್! ಅದನ್ನ ನಾ ಕಾಪಿ ಮಾಡಿ ಹಾಕಿದ್ರ ಸೀದಾ ಹೋಗ್ತೇತಿ.

ಬೈಯಾವ್ರ ಆರಾಮ ಅದಾರ, ರೂಲ್ಸ್ ಬರಿಯಾವ ಸಿಕ್ಕೊಂಡಾನ. ಏನಿದು?

ಬ್ಯಾಡಗಿ_ಖಾರ (ಹಾವೇರಿ), ಬೆಳಿಗ್ಗೆ 7:15

ಸರ್ವರ್ ಸೆಟ್ಟಿಂಗ್ಸ್, ರೋಲ್ಸ್‌ಗೆ ಹೋಗಿ ಅಲ್ಲಿನ ದರ್ಜೆಗಳ ಪಟ್ಟಿ ಮ್ಯಾಲಿಂದ ಕೆಳಗ ಇದ್ದಂಗ ಬರೀರಿ. ಬೈಯಾವಗ ಯಾವ ರೋಲ್ ಐತಿ ಅದನ್ನೂ ಹೇಳ್ರಿ. ಆಟೋಮಾಡ್ ಶಬ್ದಗಳನ್ನ ನಕ್ಷತ್ರ ಸಮೇತ ಹಾಕ್ರಿ (ತೀರಾ ಹೊಲಸು ಇರೋವು ಬ್ಯಾಡ).

ಗಿರಮಿಟ್_ಗೇಮರ್, ಬೆಳಿಗ್ಗೆ 9:40

ಚಿಗರಿ ಬಸ್ಸಿನ್ಯಾಗ ನಿಂತು ಟೈಪ್ ಮಾಡಾಕತ್ತೇನ್ರಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ಎಲ್ಲಾಕ್ಕಿಂತ ಮ್ಯಾಲ ‘ಗಿರಮಿಟ್ ಗ್ಯಾಂಗ್’. ಇದು ಹಳೇ 50 ಮಂದಿಗೆ ಕೊಟ್ಟದ್ದು, ಹೆಸರು ಹಸರ ಬಣ್ಣದಾಗ ಕಾಣಬೇಕಂತ ಮ್ಯಾಲ ಎಳದ ಇಟ್ಟೇನಿ. ಅದರ ಕೆಳಗ ‘ರೂಮ್ ಮಾಸ್ಟರ್’, ಮೂರ್ ಮಂದಿ, ರೂಮ್ ಹಚ್ಚಾವ್ರು. ಅದರ ಕೆಳಗ ‘ಮಾಡ್’. ಆಮ್ಯಾಲ ಊರಿನ ರೋಲ್ಸ್, ಹುಬ್ಬಳ್ಳಿ, ಗದಗ ಹಿಂಗ. ಕಟ್ಟಕಡೀಕ ಬಾಟ್.

ಬೈಯಾವಗ ಗ್ಯಾಂಗ್ ರೋಲೂ ಐತಿ, ರೂಮ್ ಮಾಸ್ಟರೂ ಅವನ. ಮೊದಲ್ನೇ ದಿನದಿಂದ ಇದ್ದಾವ.

ಆಟೋಮಾಡ್ ಪಟ್ಟಿದಾಗ \*ಮಗ\*, \*ಲೇ\*, \*ಹಲ್ಕಟ್\* ಅದಾವ, ಇನ್ನೊಂದ್ ಹತ್ತ್ ಹದಿನೈದು ಇಲ್ಲಿ ಬರಿಯಾಕ ಬರಂಗಿಲ್ಲ. ಎಲ್ಲಾದಕ್ಕೂ ಎರಡೂ ಕಡೆ ನಕ್ಷತ್ರ ಹಾಕೇನಿ, ಒಂದೂ ತಪ್ಪಬಾರದಂತ.

ಚಿಗರಿ_ಬಸ್ (ಧಾರವಾಡ), ಬೆಳಿಗ್ಗೆ 9:58

ಹುಬ್ಬಳ್ಳ್ಯಾಗ ‘ಲೇ’ ಬ್ಯಾನ್ ಮಾಡ್ಯಾನಂತ! ಲೇ ದೋಸ್ತ, ಇನ್ನ ದುರ್ಗದ ಬೈಲಿನ್ಯಾಗ ಮಿರ್ಚಿನೂ ಬ್ಯಾನ್ ಮಾಡು 😂

ಬ್ಯಾಡಗಿ_ಖಾರ, ಬೆಳಿಗ್ಗೆ 10:30

ಸಿಕ್ತು. ನಿಮ್ಮವು ಮೂರೂ ಬ್ಯಾರೆ ಬ್ಯಾರೆ ರೋಗ.

ಮೊದಲ್ನೇದು. ಡಿಸ್ಕಾರ್ಡ್‌ನ್ಯಾಗ ಪರ್ಮಿಶನ್ ಟಿಕ್ ಇದ್ದರಷ್ಟ ಸಾಲಂಗಿಲ್ಲ, ಕುಂತ ಜಾಗಾನೂ ನೋಡ್ತೇತಿ. ಯಾರಿಗೆ ಟೈಮ್‌ಔಟ್ ಕೊಡಬೇಕೋ ಅವರ ಎಲ್ಲಾಕ್ಕಿಂತ ಮ್ಯಾಲಿನ ರೋಲ್, ಕೊಡಾವರ ಮ್ಯಾಲಿನ ರೋಲಿಗಿಂತ ಕೆಳಗ ಇರಬೇಕು. ಸಮಾ ಇದ್ರೂ ನಡಿಯಂಗಿಲ್ಲ. ಈ ಮಾತು ಮನುಷ್ಯಾಗೂ ಅಷ್ಟ, ಬಾಟಿಗೂ ಅಷ್ಟ. ಬಾಟ್ ಸೇರಿಸಿದಾಗ ಅದರ ರೋಲ್ ತಳದಾಗ ಬಂದ್ ಕುಂದರ್ತೇತಿ, ನೀವು ಎತ್ತಿ ಇಡಬೇಕು. ಹೊಸಾ ಹುಡುಗ್ರಿಗೆ ಯಾವ ರೋಲೂ ಇರಂಗಿಲ್ಲ, ಅದಕ್ಕ ಸಿಗ್ತಾರ. ಹಳಬರು ಬಾಟಿನ ತಲಿ ಮ್ಯಾಲ ಕುಂತಾರ. ನಿಮ್ಮ ಸಣ್ಣ ಮಾಡ್‌ಗೂ ಗ್ಯಾಂಗ್ ಮಂದಿ ಹೆಸರಿನ ಮ್ಯಾಲ ಟೈಮ್‌ಔಟ್ ಕಾಣಿಸಂಗಿಲ್ಲ, ಬೇಕಾದ್ರ ಕೇಳ್ರಿ ಅವನ್ನ.

ಪಟ್ಟಿ ಹಿಂಗ ಮಾಡ್ರಿ: ಬಾಟ್ ಮ್ಯಾಲ, ಅದರ ಕೆಳಗ ಮಾಡ್, ಆಮ್ಯಾಲ ರೂಮ್ ಮಾಸ್ಟರ್, ಆಮ್ಯಾಲ ಗ್ಯಾಂಗ್. ಹಸರ ಬಣ್ಣ ಹೋಗ್ತೇತಿ ಅಂತ ಅಂಜಬ್ಯಾಡ್ರಿ. ಮಾಡ್ ರೋಲಿಗೆ, ರೂಮ್ ಮಾಸ್ಟರಿಗೆ ಬಣ್ಣ ಹಚ್ಚದ ಹಂಗ ಬಿಟ್ರ ಬಣ್ಣ ಇರೋ ರೋಲಿನದ ಕಾಣ್ತೇತಿ.

ಎರಡನೇದು. ರೂಮ್ ಮಾಸ್ಟರಿಗೆ ‘ಅಡ್ಮಿನಿಸ್ಟ್ರೇಟರ್’ ಟಿಕ್ ಹಾಕೀರಿ. ನೋಡದನ ಹೇಳ್ತೇನಿ, ಹಾಕೀರಿ. ಅದು ಇದ್ದಾವ್ರನ್ನ ಆಟೋಮಾಡ್ ಮುಟ್ಟಂಗಿಲ್ಲ, ‘ಮ್ಯಾನೇಜ್ ಸರ್ವರ್’ ಇದ್ದಾವ್ರನ್ನೂ ಮುಟ್ಟಂಗಿಲ್ಲ. ಅಡ್ಮಿನ್ ಇದ್ದಾವಗ ಟೈಮ್‌ಔಟೂ ಕೊಡಾಕ ಬರಂಗಿಲ್ಲ. ನಿಮ್ಮ ದೋಸ್ತ ಆ ಛತ್ರಿ ಕೆಳಗ ನಿಂತು ಬೈಯಾಕತ್ತಾನ. ನೀವು ಓನರ್, ನಿಮ್ಮನ್ನೂ ಬಿಡ್ತೇತಿ. ಅದಕ್ಕ ‘ನಿಯಮಗಳು’ ನೀವ್ ಹಾಕಿದ್ರ ಹೋಗ್ತೇತಿ, ಹುಡುಗ ಹಾಕಿದ್ರ ಹೋಗಂಗಿಲ್ಲ.

ಮೂರನೇದು ಶಬ್ದದ ಕತಿ. ಅದಕ್ಕ ಗದಗಿನ ಕಾಕಾರು ಬರಬೇಕು.

ಅಚ್ಚಿನ_ಮನಿ_ಕಾಕಾ (ಗದಗ), ಮಧ್ಯಾಹ್ನ 2:05

ಊಟಾ ಮಾಡಿ ಬಂದೆ. ತಮ್ಮಾ, ನಾ ಗೇಮ್ ಆಡಾವಲ್ಲ, ಡಿಟಿಪಿ ಮಾಡಾವ. ನನ್ನ ಮಗ ಒಂದ್ ಚೆಸ್ ಸರ್ವರ್ ಮಾಡಿ ನಡಸಾಕ ನನ್ನ ಕೊಳ್ಳಿಗೆ ಕಟ್ಯಾನ, ಹಂಗಾಗಿ ಸ್ವಲ್ಪ ಗೊತ್ತು.

ನೀ \*ಮಗ\* ಅಂತ ಎರಡೂ ಕಡೆ ನಕ್ಷತ್ರ ಹಾಕಿದ್ರ ಏನರ್ಥ? ಶಬ್ದದ ಒಳಗ ಎಲ್ಲೇ ‘ಮ’ ಆಗಿ ಅದರ ಬಾಜೂಕ ‘ಗ’ ಬಂದ್ರೂ ಹಿಡಿ ಅಂತ. ಈಗ ‘ನಿಯಮಗಳು’ ಬಿಡಿಸಿ ನೋಡು: ನಿ, ಯ, ಮ, ಗ, ಳು. ನಟ್ಟನಡುವ ಕುಂತೇತಲ್ಲಪಾ ನಿನ್ನ ಮಗ! ‘ಕ್ರಮಗಳು’ ಹೋತು, ‘ಸಮಗ್ರ’ ಹೋತು. ಅವೆಲ್ಲಾ ಪುಸ್ತಕದ ಶಬ್ದ ಅನ್ನು, ನಾವು ದಿನಾ ಆಡೋ ‘ನಮಗ’, ‘ನಿಮಗ’, ‘ತಮಗ’ ಎಲ್ಲಾ ಹೋತು. ಬೆಂಗಳೂರಾವ್ರು ‘ನಮಗೆ’ ಅಂತಾರ, ಅದೂ ಸಿಗ್ತೇತಿ. ಮನಿ ಮಗು, ಮಗಳು ಯಾರೂ ಉಳಿಲಿಲ್ಲ.

ಇನ್ನ \*ಲೇ\*. ‘ಕಾಲೇಜು’ ಬರಿ, ಬ್ಲಾಕ್. ‘ಈಗಲೇ’ ಬರಿ, ಬ್ಲಾಕ್. ‘ಪ್ಲೇಯರ್’ ಅಂತ ಬರಿ, ಅದರಾಗೂ ಪ ಜೋಡಿ ಒತ್ತಾಗಿ ‘ಲೇ’ ಐತಿ. ಕಣ್ಣಿಗೆ ಅದು ಒಂದ ಅಕ್ಷರ, ಕಂಪ್ಯೂಟರಿಗೆ ಪ, ವಿರಾಮ, ಲ, ಏತ್ವದ ದೀರ್ಘ ಅಂತ ನಾಕ್ ತುಂಡು. ಗೇಮಿನ ಸರ್ವರಿನ್ಯಾಗ ಪ್ಲೇಯರ್ ಅನ್ನಂಗಿಲ್ಲ ಅಂದ್ರ ಹೆಂಗಪಾ?

ನೀ ಈಗ ಅಲೌ ಲಿಸ್ಟಿಗೆ (ತಡಿಬ್ಯಾಡ ಅನ್ನೋ ಶಬ್ದಗಳ ಪಟ್ಟಿ) ಇವನ್ನೆಲ್ಲಾ ಸೇರಿಸ್ತೇನಿ ಅಂತಿ. ಬ್ಯಾಡ. ಅಲ್ಲಿ 100 ಶಬ್ದ ಮಿತಿ ಐತಿ, ನಮ್ಮ ಭಾಷಾ ಅಂದ್ರ ನಿಯಮಗಳು, ನಿಯಮಗಳನ್ನ, ನಿಯಮಗಳಿಗೆ, ನಿಯಮಗಳೊಳಗ ಅಂತ ಬಾಲ ಬೆಳಕೊಂತ ಹೋಗ್ತೇತಿ. ಒಂದ್ ಶಬ್ದಕ್ಕ ಹತ್ತ್ ಬಾಲ. 100 ಎಲ್ಲಿಗೆ ಸಾಲ್ತೇತಿ?

ಆದ್ರ ಅದ ಬಾಲ ನಿನ್ನ ಕೆಲಸಕ್ಕೂ ಬರ್ತೇತಿ. ಕನ್ನಡದಾಗ ಪ್ರತ್ಯಯ ಶಬ್ದದ ಕಡೀಕ ಹತ್ತತಾವ, ಶುರುವಿಗೆ ಹತ್ತಂಗಿಲ್ಲ. ಅಂದ್ಮ್ಯಾಲ ನಕ್ಷತ್ರ ಕಡೀಕ ಅಷ್ಟ ಹಾಕು. ‘ಹಲ್ಕಟ್\*’ ಅಂದ್ರ ಹಲ್ಕಟ್, ಹಲ್ಕಟ್ಟ, ಹಲ್ಕಟ್‌ಗಿರಿ ಎಲ್ಲಾ ಸಿಗ್ತಾವ, ಬ್ಯಾರೆ ಶಬ್ದದ ಹೊಟ್ಟಿಗೆ ಕೈ ಹಾಕಂಗಿಲ್ಲ. ಉಳಿದ ಹೊಲಸು ಶಬ್ದಕ್ಕೂ ಹಿಂಗ ಮಾಡು.

‘ಮಗ’ ಮತ್ತ ‘ಲೇ’ ಪೂರಾ ತಗಿ. ನಮ್ಮ ಕಡೆ ‘ಮಗನ’ ಅನ್ನೋದು ಬೈಗಳಾ? ಅದಕ್ಕಿಂತ ಮೊದಲ ಯಾವ ಶಬ್ದ ಬಂತು ಅದರ ಮ್ಯಾಲ ಐತಿ. ಆ ಮೊದಲಿನ ಶಬ್ದ ಕೂಡಿಸಿ ಜೋಡಿನ ಪಟ್ಟಿಗೆ ಹಾಕು, ಆಟೋಮಾಡ್ ಎರಡ್ ಮೂರ್ ಶಬ್ದದ ಸಾಲೂ ತಗೋತೇತಿ. ಕೂಡಿಸಿ ಬರದದ್ದು ಒಂದು, ಬಿಡಿಸಿ ಬರದದ್ದು ಒಂದು, ಎರಡೂ.

ಇನ್ನೊಂದು ನಮ್ಮ ಧಂದೆದ ಮಾತು. ‘ಹಲ್ಕಟ್‌ಗಿರಿ’ ಅಂಥಾ ಶಬ್ದದಾಗ ಅರ್ಧಾಕ್ಷರ ಒತ್ತಾಗಬಾರದಂತ ನಡುವ ಒಂದು ಕಣ್ಣಿಗೆ ಕಾಣದ ಅಕ್ಷರ ಕುಂದರಸ್ತೇವಿ. ಕೆಲವು ಕೀಬೋರ್ಡ್ ತಾವ ಹಾಕ್ತಾವ, ಕೆಲವು ಹಾಕಂಗಿಲ್ಲ. ಕಂಪ್ಯೂಟರಿಗೆ ಅವು ಎರಡು ಬ್ಯಾರೆ ಶಬ್ದ. ನಕ್ಷತ್ರ ಹಚ್ಚದ ಶಬ್ದ ಇದ್ರ ನಾನಂತೂ ಎರಡೂ ರೂಪ ಹಾಕಿರ್ತೇನಿ. ನುಡಿ ಫಾಂಟಿಂದ ಯೂನಿಕೋಡಿಗೆ ತಿರುಗಿಸಿ ತಿರುಗಿಸಿ ಕಲ್ತ ಚಟ ಇದು.

ಇಂಗ್ಲಿಷ್ ಅಕ್ಷರದಾಗ ಕನ್ನಡ ಬೈಗಳ ಬರಿಯಾವ್ರಿಗೆ ಬ್ಯಾರೆ ರೂಲ್ ಮಾಡು, ಅವರ ಸ್ಪೆಲ್ಲಿಂಗ್ ಹಿಡಿಯೋದು ದೇವರಿಗೂ ಆಗಂಗಿಲ್ಲ. ಒಟ್ಟ ಆರ್ ರೂಲ್ ಮಾಡಾಕ ಬರ್ತೇತಿ, ಒಂದೊಂದ್ರಾಗ 1000 ಶಬ್ದ. ಜಾಗಾ ಭಾಳ ಐತಿ.

ಗಿರಮಿಟ್_ಗೇಮರ್, ಸಂಜಿ 6:20

ಕಾಕಾರ, ಕಾಲ್ ಮುಟ್ಟಿ ನಮಸ್ಕಾರ. ಅಲೌ ಲಿಸ್ಟಿಗೆ ಆಗಲೇ ಹನ್ನೊಂದ್ ಶಬ್ದ ಹಾಕಿದ್ದೆ, ನಿಮಗ ಹೆಂಗ ಗೊತ್ತಾತು?!

ಮತ್ತ ಬ್ಯಾಡಗಿ ಅಣ್ಣಾರ, ಅಡ್ಮಿನ್ ಟಿಕ್ ಹಾಕಿದ್ದು ಖರೆ. ರೂಮ್ ಐಡಿ (ಮ್ಯಾಚಿನ ನಂಬರ್) ಹಾಕಾಕ ಅನೌನ್ಸ್‌ಮೆಂಟ್ ಚಾನೆಲ್ ತಗಿವಲ್ದು ಅಂತ ಒಂದಿನಾ ಗಡಿಬಿಡ್ಯಾಗ ಹಾಕಿದ್ದೆ, ಹಂಗ ಉಳೀತು. ಆದ್ರ ಈಗ ತಗದ್ರ ಅವ ಸಿಟ್ಟಾಗ್ತಾನ. ಎಂಟ್ ವರ್ಷದ ದೋಸ್ತ್ರಿ. ಬ್ಯಾರೆ ದಾರಿ ಇಲ್ಲೇನು?

ಬ್ಯಾಡಗಿ_ಖಾರ, ಸಂಜಿ 6:41

ಇಲ್ಲ.

ಬೈಗಳದ್ದು ಬಿಡ್ರಿ. ನಾಳೆ ಆ ಮೂರ್ ಮಂದ್ಯಾಗ ಒಬ್ಬ ‘ಫ್ರೀ ಯುಸಿ’ (ಗೇಮಿನೊಳಗಿನ ರೊಕ್ಕ) ಅಂತ ಬಂದ ಲಿಂಕ್ ಒತ್ತಿ ಕ್ಯೂಆರ್ ಸ್ಕ್ಯಾನ್ ಮಾಡಿದಾ ಅಂದ್ರ ಅವನ ಅಕೌಂಟ್ ಕಳ್ಳನ ಕೈಯಾಗ. ಸರ್ವರ್ ಅಳಸಾಕ ಓನರಿಗೆ ಅಷ್ಟ ಬರ್ತೇತಿ, ಖರೆ. ಆದ್ರ ಅಡ್ಮಿನ್ ಚಾನೆಲ್ ಎಲ್ಲಾ ಅಳಿಸಿ ತನಗಿಂತ ಕೆಳಗಿನ ರೋಲಿನ ಮಂದಿನ್ನೆಲ್ಲಾ ಹೊರಗ ಹಾಕಬಹುದು. ದೋಸ್ತಗ ಇದನ್ನ ಹೇಳ್ರಿ, ನಿನ್ನ ಮ್ಯಾಲ ನಂಬಿಕಿ ಇಲ್ಲ ಅಂತ ಅಲ್ಲ.

ರೂಮ್ ಮಾಸ್ಟರಿಗೆ ಬೇಕಾದದ್ದು ಇಷ್ಟ: ಆ ಒಂದ್ ಚಾನೆಲಿನ ಪರ್ಮಿಶನ್ಸ್‌ನ್ಯಾಗ ಎವ್ರಿಒನ್‌ಗೆ ‘ಸೆಂಡ್ ಮೆಸೇಜಸ್’ ಕೆಂಪು, ರೂಮ್ ಮಾಸ್ಟರಿಗೆ ಹಸರು. ಎಲ್ಲಾರ್ನೂ ಕರಿಯೋ ಮೆನ್ಷನ್ ಪರ್ಮಿಶನ್ನೂ ಅಲ್ಲೇ ಕೊಡ್ರಿ. ವಾಯ್ಸ್‌ನ್ಯಾಗ ಟೀಮ್ ಹಂಚಾಕ ‘ಮೂವ್ ಮೆಂಬರ್ಸ್’. ಮುಗೀತು. ಮಾಡ್ಸ್‌ಗೆ ಎರಡು ಹಂತದ ಲಾಗಿನ್ ಕಡ್ಡಾಯ ಮಾಡೋ ಸೆಟ್ಟಿಂಗ್ ಐತಿ, ಅದನ್ನೂ ಹಚ್ಚಿಬಿಡ್ರಿ. ರೂಮ್ ಐಡಿ ಬಿಟ್ಟ ಕೂಡ್ಲೆ ‘ಪಾಸ್ ಏನು ಪಾಸ್ ಏನು’ ಅಂತ ಸಂತಿ ಶುರು ಆಗ್ತಿದ್ರ ಮಾತಿನ ಚಾನೆಲಿಗೆ 30 ಸೆಕೆಂಡ್ ಸ್ಲೋಮೋಡ್ (ಒಂದ್ ಮೆಸೇಜ್ ಹಾಕಿದಾವ ಇನ್ನೊಂದಕ್ಕ ಅಷ್ಟ್ ಹೊತ್ತು ಕಾಯಬೇಕು).

ಕೇಳದ ಒಂದ್ ಮಾತು. ಎಂಟ್ರಿ ಫೀ ತಗೊಂಡು ರೂಮ್ ಹಚ್ತಿದ್ರ ಇವತ್ತ ನಿಲ್ಲಸ್ರಿ. 2025ರ ಆಗಸ್ಟದಾಗ ರೊಕ್ಕ ಕಟ್ಟಿ ರೊಕ್ಕ ಗೆಲ್ಲೋ ಆನ್‌ಲೈನ್ ಆಟ ನಿಷೇಧಿಸಿ ಕೇಂದ್ರದ ಕಾಯ್ದೆ ಬಂದೇತಿ. ಇ-ಸ್ಪೋರ್ಟ್ಸ್ ಬ್ಯಾರೆ ಅಂತ ಅದರಾಗ ಐತಿ, ಆದ್ರ ತಲಿಗೆ 30 ರೂಪಾಯಿ ಕೂಡಿಸಿ ಗೆದ್ದಾವಗ ಕೊಡೋದು ಯಾವ ಕಡೆ ಬೀಳ್ತೇತಿ ಅಂತ ವಾದಾ ಮಾಡಾಕ ವಕೀಲರಿಗೆ ರೊಕ್ಕ ಕೊಡಬೇಕಾದೀತು. ನಾ ನನ್ನ ಸರ್ವರಿನ್ಯಾಗ ಎಂಟ್ರಿ ಫೀ ಚಾನೆಲ್ಲ ಅಳಿಸೇನಿ.

ಅಚ್ಚಿನ_ಮನಿ_ಕಾಕಾ, ರಾತ್ರಿ 8:10

ಮತ್ತೊಂದು, ತಮ್ಮಾ. ನೀ ಓನರ್ ಇದ್ದಿ, ನೀ ಟೆಸ್ಟ್ ಮಾಡಿದ್ರ ಎಲ್ಲಾ ಹೋಗ್ತೇತಿ. ಯಾವ ರೋಲೂ ಇಲ್ಲದವರ ಫೋನಿಂದ ನೋಡು. ಅನುಮಾನದ ಶಬ್ದಕ್ಕ ‘ಬ್ಲಾಕ್’ ಟಿಕ್ ತಗದು ‘ಅಲರ್ಟ್’ ಅಷ್ಟ ಇಡು. ಮಾಡ್‌ಗಳ ಖಾಸಗಿ ಚಾನೆಲಿಗೆ ಬಂದ್ ಬೀಳ್ತೇತಿ, ಅದು ಜಗಳೋ ಸಲಿಗೆನೋ ಓದಿದಾವ್ರಿಗೆ ತಿಳಿತೇತಿ.

ಗಿರಮಿಟ್_ಗೇಮರ್, ಮೂರ್ ದಿನ ಆದ್ಮ್ಯಾಲ, ರಾತ್ರಿ 10:30

ಆತ್ರಿ! ಒಂದೊಂದ ಹೇಳ್ತೇನಿ.

ಬಾಟ್ ಮ್ಯಾಲ ಎಳದಿಟ್ಟೆ, ಐದ್ ನಿಮಿಷದಾಗ ಒಬ್ಬ ಹಳೇ ಹುಲಿಗೆ ಟೈಮ್‌ಔಟ್ ಬಿತ್ತು. ಬಣ್ಣಾನೂ ಹಸರ ಹಸರ ಐತಿ.

ಅಡ್ಮಿನ್ ಟಿಕ್ ತಗದು, ದೋಸ್ತನ್ನ ದುರ್ಗದ ಬೈಲಿಗೆ ಕರಕೊಂಡ್ ಹೋಗಿ ಗಿರಮಿಟ್ ತಿನಿಸಿ ಕ್ಯೂಆರ್ ಕತಿ ಹೇಳಿದೆ. ಮಿರ್ಚಿ ಬರೋ ಮಟಾ ಸುಮ್ನ ಕೇಳಿದಾ. ಆಮ್ಯಾಲ “ನೀ ನನ್ನ ಬೈಗಳಕ್ಕ ತಗದಿ, ಕ್ಯೂಆರ್ ಅಂತ ಸುಳ್ಳ ಹೇಳ್ತಿ” ಅಂದ. ನಾ ಏನ್ ಹೇಳ್ಲಿ, ಎರಡಕ್ಕೂ ತಗದೇನಿ ಅಂದೆ. ಎರಡ್ ದಿನಾ ಸರ್ವರಿಗೆ ಬರಲಿಲ್ಲ. ಇವತ್ತ 8:55ಕ್ಕ ಬಂದು ತಾನ ರೂಮ್ ಹಚ್ಚಿ ಐಡಿ ಹಾಕ್ಯಾನ. ನನ್ನ ಕೂಡ ಇನ್ನೂ ಮಾತಿಲ್ಲ. ಧಾರವಾಡದ ಆಕಿಗೂ ಒಂದ್ ಮೆಸೇಜ್ ಕಳಿಸೇನಿ, ಉತ್ತರ ಬಂದಿಲ್ಲ.

ಟೆಸ್ಟಿಂಗಿಗೆ ತಂಗಿ ಫೋನ್ ಇಸ್ಕೊಂಡಿದ್ದೆ. ‘ನಿಯಮಗಳು’, ‘ಪ್ಲೇಯರ್’, ‘ಕಾಲೇಜು’ ಎಲ್ಲಾ ಪಾಸ್. ಆಮ್ಯಾಲ ಅಕಿನ ಫೋನ್ ಕಸ್ಕೊಂಡು ತನಗ ಗೊತ್ತಿದ್ದ ಬೈಗಳ ಎಲ್ಲಾ ಟೈಪ್ ಮಾಡಿ ನೋಡಿದ್ಲು. ನಾಕು ಶಬ್ದ ಪಟ್ಟ್ಯಾಗ ಇರಲಿಲ್ಲ, ಸೇರಿಸಿದೆ. (ಎಲ್ಲಿ ಕಲ್ತಿ ಅಂದ್ರ ಹೇಳವಲ್ಲಳು.) ಈಗ ತನಗ ‘ಇನ್‌ಸ್ಪೆಕ್ಟರ್’ ಅಂತ ಒಂದ್ ರೋಲ್ ಬೇಕಂತ ಹಠಾ ಹಿಡದಾಳ. ಕೊಡ್ಲೇನ್ರಿ?

ಬ್ಯಾಡಗಿ_ಖಾರ, ರಾತ್ರಿ 10:34

ಕೊಡ್ರಿ. ಬಾಟಿನ ಕೆಳಗ ಇಡ್ರಿ.