ಕಡಲ ಕೆಸರಿನ ಸಿಲಿಕಾ ಅಳೆಯೋದು ಹೇಗೆ? ಮಾಡಿದವರು ಹೇಳಿ

ಬೆಳಗಾವಿಯಿಂದ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಗೋವಾ ಕಡೆಯ ಸಮುದ್ರತಳದ ಕೆಸರು ಬಂದಿದೆ. ಡಯಾಟಮ್‌ಗಳು (ಸಿಲಿಕಾ ಚಿಪ್ಪಿರೋ ಸೂಕ್ಷ್ಮ ಪಾಚಿ) ಬಿಟ್ಟುಹೋದ ಸಿಲಿಕಾ ಅದರಲ್ಲಿ ಎಷ್ಟಿದೆ ಅಂತ ಅಳೆಯಬೇಕು. ನಮ್ಮಲ್ಲಿ ಇರೋದು ವಾಟರ್ ಬಾತ್, ಸೆಂಟ್ರಿಫ್ಯೂಜ್, ದ್ರಾವಣದ ಬಣ್ಣ ಎಷ್ಟು ಗಾಢ ಅಂತ ಅಳೆಯೋ ಸ್ಪೆಕ್ಟ್ರೋಫೋಟೋಮೀಟರ್ ಅಷ್ಟೇ. ಸಾಕಾಗುತ್ತಾ?

ಬಾಗಲಕೋಟೆಯಿಂದ: ನಾನು ಸಿಮೆಂಟ್ ಲ್ಯಾಬಿನವನು. ನಾವು ಆ್ಯಸಿಡ್‌ನಲ್ಲಿ ಒಣಗಿಸಿ, ಸುಟ್ಟು, ತೂಗಿ ಸಿಲಿಕಾ ತೆಗೆಯುತ್ತೇವೆ. ಅದರಲ್ಲಿ ಮರಳು, ಜೇಡಿ ಎಲ್ಲಾ ಸೇರಿಬಿಡುತ್ತದೆ. ಜೇಡಿಮಣ್ಣಲ್ಲೇ ಹೆಚ್ಚುಕಡಿಮೆ ಅರ್ಧ ಸಿಲಿಕಾ ಇರುತ್ತೆ ಅಲ್ವಾ, ಹಾಗಾಗಿ ನಮ್ಮ ದಾರಿ ನಿಮಗೆ ಬೇಡ.

ವಿಜಯಪುರದಿಂದ: ತಂಗಿ, ಧಾರಾಳವಾಗಿ ಸಾಕು. ನನ್ನ ಪಿಎಚ್.ಡಿ. ಕೆಲಸ ಇದೇ ಆಗಿತ್ತು. ಡಯಾಟಮ್ ಚಿಪ್ಪು ಓಪಲ್, ಅಂದ್ರೆ ನೀರಿನಂಶ ಇರೋ, ಹರಳುಗಟ್ಟದ ಸಿಲಿಕಾ. ಬಿಸಿ ಸೋಡಾ (ಸೋಡಿಯಂ ಕಾರ್ಬೊನೇಟ್) ನೀರಲ್ಲಿ ಬೇಗ ಕರಗುತ್ತೆ, ಜೇಡಿ ನಿಧಾನ. ಡಿಮಾಸ್ಟರ್ ಅನ್ನೋ ವಿಜ್ಞಾನಿ 1981ರಲ್ಲಿ ಹೇಳಿದ್ದು ಇದನ್ನೇ ಹಿಡಿದು: ಶೇ. 1ರ ಸೋಡಿಯಂ ಕಾರ್ಬೊನೇಟ್, 85 ಡಿಗ್ರಿ, ಗಂಟೆಗೊಮ್ಮೆ ಸ್ವಲ್ಪ ದ್ರಾವಣ ತೆಗೆದು ಅಳೆದು ಗ್ರಾಫ್ ಹಾಕೋದು. ಮೊದಲು ಜೋರಾಗಿ ಏರುತ್ತೆ, ಆಮೇಲೆ ಓರೆಯಾದ ನೇರ ಗೆರೆ ಬರುತ್ತೆ, ಅದು ಜೇಡಿಯದ್ದು. ಆ ಗೆರೆಯನ್ನು ಹಿಂದಕ್ಕೆ ಸೊನ್ನೆ ಗಂಟೆಯವರೆಗೆ ಎಳೆದಾಗ ಸಿಗೋ ಅಂಕಿಯೇ ನಿಮಗೆ ಬೇಕಾದ್ದು. 1989ರ ಮಾರ್ಟ್‌ಲಾಕ್–ಫ್ರೋಲಿಕ್ ವಿಧಾನ 2 ಮೋಲಾರ್ ಸೋಡಾದಲ್ಲಿ 5 ಗಂಟೆ, ಒಂದೇ ಸಲ ಅಳತೆ. ಡಯಾಟಮ್ ತುಂಬಿರೋ ದಕ್ಷಿಣ ಮಹಾಸಾಗರದ ಕೆಸರಿಗೆ ಅದು ಚೆನ್ನ. ಕರಾವಳಿಯ ಜೇಡಿಗೆ ಮಾತ್ರ ಗಂಟೆಗೊಮ್ಮೆ ತೆಗೆಯೋದೇ ಸರಿ, ಕಷ್ಟ ಆದರೂ ಬಿಡಬೇಡಿ.

ಮೊದಲು ಹೈಡ್ರೋಜನ್ ಪೆರಾಕ್ಸೈಡ್, ತೆಳು ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕಿ ಜೈವಿಕ ವಸ್ತು, ಸುಣ್ಣದ ಚಿಪ್ಪು ತೆಗೆಯಿರಿ. ನೊರೆ ಉಕ್ಕುತ್ತೆ, ತೊಟ್ಟು ತೊಟ್ಟಾಗಿ ಹಾಕಿ. ಸೋಡಾದಲ್ಲಿ ಇಟ್ಟ ಮೇಲೆ ಕೆಸರು ಟ್ಯೂಬಿನ ತಳಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಆಗಾಗ ಚೆನ್ನಾಗಿ ಅಲ್ಲಾಡಿಸಿ, ಇಲ್ಲದಿದ್ದರೆ ಒಳಗಿನ ಚಿಪ್ಪಿಗೆ ಸೋಡಾ ತಾಗೋದೇ ಇಲ್ಲ. ಗಾಜಂತೂ ಬೇಡವೇ ಬೇಡ. ಬಿಸಿ ಸೋಡಾ ಗಾಜನ್ನೇ ಕರಗಿಸಿ ಸಿಲಿಕಾ ಕೊಡುತ್ತೆ, ಪಾಲಿಪ್ರೊಪಿಲೀನ್ ಟ್ಯೂಬ್ ತರಿಸಿ.

ಬೆಳಗಾವಿಯಿಂದ: ತುಂಬಾ ಉಪಕಾರ ಆಯ್ತು ಸರ್. ಕರಗಿದ ಸಿಲಿಕಾ ಅಳೆಯೋಕೆ ದ್ರಾವಣಕ್ಕೆ ಬಣ್ಣ ಬರಿಸೋದು ಮಾಲಿಬ್ಡೇಟ್ ರಾಸಾಯನಿಕದಿಂದಲೇ ಅಲ್ವಾ?

ವಿಜಯಪುರದಿಂದ: ಹೌದು. ಮೊದಲು ಹಳದಿ, ರಿಡ್ಯೂಸ್ ಮಾಡಿದ ಮೇಲೆ ನೀಲಿ. 812 ನ್ಯಾನೋಮೀಟರ್‌ನಲ್ಲಿ ಓದಿ. ದ್ರಾವಣದಲ್ಲಿ ಸೋಡಾ ಇರುತ್ತಲ್ಲ, ಮೊದಲು ಆ್ಯಸಿಡ್ ಹಾಕಿ ಅದನ್ನು ಮುರಿಯಬೇಕು, ಇಲ್ಲದಿದ್ದರೆ ಬಣ್ಣ ಸರಿಯಾಗಿ ಬರಲ್ಲ. ಗುಳ್ಳೆ ಪೂರ್ತಿ ಹೋಗಲಿ, ಕುವೆಟ್‌ಗೆ (ದ್ರಾವಣ ತುಂಬಿ ಮೀಟರಿನಲ್ಲಿ ಇಡೋ ಪುಟ್ಟ ಪಾತ್ರೆ) ಒಂದು ಗುಳ್ಳೆ ಅಂಟಿದ್ದರೂ ರೀಡಿಂಗ್ ತಪ್ಪುತ್ತೆ. ಡಿಸ್ಟಿಲ್ಡ್ ವಾಟರನ್ನೂ ಸುಮ್ನೆ ನಂಬಬೇಡಿ, ಪ್ರತಿ ಬ್ಯಾಚಿಗೂ ಕೆಸರಿಲ್ಲದ ಬ್ಲಾಂಕ್ ಇರಲೇಬೇಕು. ಕೊನೆಗೆ ಸಿಲಿಕಾನ್ ಅಂಕಿಯನ್ನು 2.14ರಿಂದ ಗುಣಿಸಿದರೆ ಬರೀ ಸಿಲಿಕಾ, 2.4ರಿಂದ ಗುಣಿಸಿದರೆ ನೀರಿನಂಶ ಸೇರಿದ ಓಪಲ್. ಯಾವುದು ಅಂತ ಥೀಸಿಸ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ.